ಆಕ್ಸ್‌ಫರ್ಡಿನ ವಸತಿ ಕಾಲೇಜುಗಳು

ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಅಂಗವಾಗಿದ್ದೂ ತಮ್ಮದೇ ಆಸ್ತಿ, ಆಡಳಿತ, ನಿಬಂಧನೆಗಳನ್ನು ಉಳ್ಳ ವಿದ್ಯಾಸಂಸ್ಥೆಗಳು. ನಮ್ಮ ಕಡೆ ಕಾಲೇಜು ಎಂದರೆ ಪಾಠ ನಡೆಯುವ ಕಟ್ಟಡ, ಹಾಸ್ಟೆಲ್ ಎಂದರೆ ಉಂಡು ಮಲಗುವ ಕಟ್ಟಡ. ಅಲ್ಲಿ ಎರಡೂ ಒಂದೇ. ವಿದ್ಯಾರ್ಥಿಯನ್ನು ಆರಿಸಿಕೊಳ್ಳುವುದು, ಕೋಣೆ ಕೊಡುವುದು, ಊಟ ಹಾಕುವುದು, ಎದುರು ಕೂರಿಸಿಕೊಂಡು ಪ್ರಬಂಧ ತಿದ್ದುವುದು, ಕಾಯಿಲೆಯೋ ಮನೋವ್ಯಥೆಯೋ ಬಂದರೆ ವಿಚಾರಿಸಿಕೊಳ್ಳುವುದು ಕಾಲೇಜಿನ ಪಾಲಿನ ಕೆಲಸ. ಉಪನ್ಯಾಸ, ಪ್ರಯೋಗಾಲಯ, ಪರೀಕ್ಷೆ, ಪದವಿ ವಿಶ್ವವಿದ್ಯಾನಿಲಯದ ಪಾಲಿನವು. ಕಾಲೇಜುಗಳೂ ಚಿಕ್ಕ ಧಾರ್ಮಿಕ ವಿದ್ಯಾಗೃಹಗಳೂ ಸೇರಿ ಇಂಥ ಸಂಸ್ಥೆಗಳು 40ಕ್ಕೂ ಹೆಚ್ಚು ಇವೆ. ಆಲ್ ಸೋಲ್ಸ್ ಎಂಬ ಕಾಲೇಜು ಪದವಿ ವಿದ್ಯಾರ್ಥಿಗಳನ್ನೇ ಸೇರಿಸಿಕೊಳ್ಳದೆ ಮುಖ್ಯವಾಗಿ ವಿದ್ವಾಂಸರ ಮನೆಯಾಗಿ ಉಳಿದಿದೆ.

ಇಂದು ಈ ಕಾಲೇಜುಗಳ ಸೌಕರ್ಯಗಳೆಂದು ಮಾಹಿತಿಪುಸ್ತಕಗಳಲ್ಲಿ ಅಚ್ಚಾಗುವ ಸಂಗತಿಗಳಲ್ಲಿ ಬಹುಪಾಲು ಹುಟ್ಟಿದ್ದು ಹದ್ದುಬಸ್ತಿಗಾಗಿ. ಹುಡುಗರು ರಾತ್ರಿ ಹೊರಗೆ ಹೋಗದಿರಲಿ ಎಂದು ಗೋಡೆ ಎದ್ದಿತು. ಎಲ್ಲಿದ್ದಾರೆಂದು ತಿಳಿಯಲಿ ಎಂದು ಒಟ್ಟಿಗೆ ಊಟ ಬಂತು. ನಡತೆ ಕಾಯಲೆಂದು ಹಿರಿಯನೊಬ್ಬ ನೇಮಕವಾದ. ಕಾವಲು ಸಡಿಲವಾದ ಮೇಲೂ ಗೋಡೆ, ಊಟದ ಮನೆ, ಹಿರಿಯ ಮೂರೂ ಉಳಿದುಕೊಂಡವು. ವಿದ್ಯಾರ್ಥಿಗಳು ಈಗ ಅವುಗಳಿಗಾಗಿಯೇ ಅರ್ಜಿ ಹಾಕುತ್ತಾರೆ.

ಹುಟ್ಟು

ಆಕ್ಸ್‌ಫರ್ಡಿನಲ್ಲಿ ಪಾಠ ನಡೆಯುತ್ತಿದ್ದ ಸುಳಿವು 1096ರಿಂದಲೇ ಸಿಗುತ್ತದೆ. 1167ರ ಹೊತ್ತಿಗೆ ದೊರೆ ಎರಡನೆಯ ಹೆನ್ರಿ ಇಂಗ್ಲೆಂಡಿನ ವಿದ್ಯಾರ್ಥಿಗಳು ಪ್ಯಾರಿಸ್ಸಿಗೆ ಹೋಗುವುದನ್ನು ತಡೆದ ಮೇಲೆ ಊರಿನಲ್ಲಿ ಕಲಿಯುವವರ ಸಂಖ್ಯೆ ಏರಿತು. ಆಗ ಕಾಲೇಜು ಇರಲಿಲ್ಲ. ಹದಿಹರೆಯದ ಹುಡುಗರು ಊರವರ ಮನೆಗಳಲ್ಲಿ ಬಾಡಿಗೆಗೆ ಇರುತ್ತಿದ್ದರು. ಬಾಡಿಗೆ ಹೆಚ್ಚಾಯಿತೆಂದೋ ಹೆಂಡ ಕೆಟ್ಟದಾಗಿತ್ತೆಂದೋ ಜಗಳಗಳು ನಡೆದೇ ಇದ್ದವು. 1209ರಲ್ಲಿ ಹೆಂಗಸೊಬ್ಬಳ ಸಾವಿನ ಸೇಡಿಗೆ ಊರವರು ಕೆಲವು ವಿದ್ಯಾರ್ಥಿಗಳನ್ನು ನೇಣಿಗೆ ಹಾಕಿದಾಗ ಉಳಿದವರು ಊರು ಬಿಟ್ಟು ಚದುರಿದರು. ಅವರಲ್ಲೊಂದು ಗುಂಪು ಕೇಂಬ್ರಿಜ್‌ನಲ್ಲಿ ನೆಲೆ ನಿಂತದ್ದೇ ಆ ವಿಶ್ವವಿದ್ಯಾನಿಲಯದ ಮೂಲ. 1214ರಲ್ಲಿ ಪೋಪನ ಪ್ರತಿನಿಧಿ ಮಾಡಿಸಿದ ರಾಜಿಯಲ್ಲಿ ಮನೆಬಾಡಿಗೆಗೆ ಮಿತಿ ಹಾಕುವುದೂ ಒಂದು ಷರತ್ತಾಗಿತ್ತು.

ಇದಕ್ಕಿಂತ ಘೋರವಾದದ್ದು 1355ರ ಫೆಬ್ರವರಿ 10ರ ಗಲಭೆ. ಸ್ವಿಂಡಲ್‌ಸ್ಟಾಕ್ ಎಂಬ ಮದ್ಯದಂಗಡಿಯಲ್ಲಿ ವೈನ್ ಚೆನ್ನಾಗಿಲ್ಲವೆಂದು ಶುರುವಾದ ಮಾತು ಮೂರು ದಿನದ ಕಾದಾಟವಾಗಿ ಬೆಳೆಯಿತು. ಸತ್ತ ವಿದ್ಯಾರ್ಥಿಗಳೇ 63 ಮಂದಿ ಎಂದು ಹೇಳಿಕೆ. ದೊರೆ ವಿಶ್ವವಿದ್ಯಾನಿಲಯದ ಪರ ನಿಂತ. ಪ್ರತಿ ವರ್ಷ ಅದೇ ದಿನ ಮೇಯರ್ ಮತ್ತು ಊರ ಪ್ರಮುಖರು ಸೇಂಟ್ ಮೇರಿ ಚರ್ಚಿಗೆ ಬಂದು ತಲೆಗೊಂದು ಪೆನ್ನಿಯಂತೆ ತಪ್ಪುಕಾಣಿಕೆ ಸಲ್ಲಿಸಬೇಕೆಂದು ಗೊತ್ತುಮಾಡಲಾಯಿತು. ಊರು ಈ ಅವಮಾನವನ್ನು 1825ರ ವರೆಗೂ ನುಂಗಿಕೊಂಡಿತು.

ಇಂಥ ಊರಿನಲ್ಲಿ ಹುಡುಗರನ್ನು ಬಿಡಿಬಿಡಿಯಾಗಿ ಬಿಡುವುದು ಅಪಾಯವೆಂದು ಎಲ್ಲರಿಗೂ ಮನವರಿಕೆಯಾಯಿತು. ಮೊದಲ ಪರಿಹಾರ ಹಾಲ್ ಎನ್ನಿಸಿಕೊಂಡ ಬಾಡಿಗೆ ಮನೆಗಳು: ಪದವೀಧರನೊಬ್ಬ ಮನೆ ಹಿಡಿದು ಹುಡುಗರನ್ನು ಇಟ್ಟುಕೊಂಡು ಊಟ, ಪಾಠ, ಶಿಸ್ತು ಮೂರಕ್ಕೂ ಹೊಣೆಯಾಗುತ್ತಿದ್ದ. ಒಂದು ಕಾಲಕ್ಕೆ ನೂರಕ್ಕೂ ಹೆಚ್ಚು ಹಾಲ್‌ಗಳಿದ್ದವು. 15ನೆಯ ಶತಮಾನದ ಆರಂಭದಲ್ಲಿ ಎಲ್ಲ ವಿದ್ಯಾರ್ಥಿಗಳೂ ಇಂಥ ಒಂದು ಮನೆಯಲ್ಲೇ ಇರಬೇಕೆಂಬ ಕಟ್ಟಳೆ ಬಂತು. ಆಸ್ತಿಯಿಲ್ಲದ ಈ ಮನೆಗಳು ಒಂದೊಂದಾಗಿ ಮುಚ್ಚಿದವು. ಉಳಿದುಬಂದ ಸೇಂಟ್ ಎಡ್ಮಂಡ್ ಹಾಲ್ 1957ರಲ್ಲಿ ಕಾಲೇಜಾಯಿತು. ಹೆಸರಿನಲ್ಲಿ ಮಾತ್ರ ಇನ್ನೂ ಹಾಲ್.

ಕಾಲೇಜಿನ ಬಲ ಅದರ ದತ್ತಿಯಲ್ಲಿತ್ತು. ಯೂನಿವರ್ಸಿಟಿ ಕಾಲೇಜು (1249), ಬೇಲಿಯಲ್ (1263), ಮರ್ಟನ್ (1264) ಮೂರೂ ತಾವೇ ಮೊದಲು ಎನ್ನುತ್ತವೆ. ದತ್ತಿಯ ಹಣ ಮೊದಲು ಬಂದದ್ದು ಒಂದಕ್ಕೆ, ಮನೆ ಮೊದಲು ಸಿಕ್ಕಿದ್ದು ಇನ್ನೊಂದಕ್ಕೆ, ಬರೆದಿಟ್ಟ ನಿಬಂಧನೆ ಮೊದಲು ಆದದ್ದು ಮತ್ತೊಂದಕ್ಕೆ. ಆದ್ದರಿಂದ ಈ ವ್ಯಾಜ್ಯ ಬಗೆಹರಿಯುವಂಥದಲ್ಲ. ಮುಂದಿನವರಿಗೆ ಮಾದರಿಯಾದದ್ದಂತೂ ಮರ್ಟನ್‌ನ ನಿಬಂಧನೆಗಳೇ. ರಾಜ್ಯದ ಚಾನ್ಸಲರ್ ಆಗಿದ್ದ ವಾಲ್ಟರ್ ದ ಮರ್ಟನ್ ಜಮೀನಿನ ಆದಾಯವನ್ನು ವಿದ್ವಾಂಸರ ಒಂದು ಕೂಟಕ್ಕೆ ಶಾಶ್ವತವಾಗಿ ಬಿಟ್ಟುಕೊಟ್ಟು, ಅವರು ತಮ್ಮ ಆಡಳಿತವನ್ನು ತಾವೇ ನಡೆಸಿಕೊಳ್ಳುವಂತೆ ಮಾಡಿದ. ಆರಂಭದ ಕಾಲೇಜುಗಳಲ್ಲಿ ಇದ್ದವರು ಹೆಚ್ಚಾಗಿ ಪದವಿ ಪಡೆದು ಮುಂದೆ ಓದುತ್ತಿದ್ದವರು. ಎಳೆಯ ವಿದ್ಯಾರ್ಥಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಒಳಗೆ ತಂದದ್ದು, ಅವರಿಗೆ ಪಾಠ ಹೇಳಲು ಹಿರಿಯ ಸದಸ್ಯರಿಗೆ ಸಂಭಾವನೆ ಗೊತ್ತುಮಾಡಿದ್ದು 1379ರಲ್ಲಿ ವಿಂಚೆಸ್ಟರಿನ ಬಿಷಪ್ ವಿಲಿಯಂ ಆಫ್ ವಿಕಮ್ ಕಟ್ಟಿಸಿದ ನ್ಯೂ ಕಾಲೇಜು. ಆರು ಶತಮಾನ ಕಳೆದರೂ ಅದರ ಹೆಸರು ‘ಹೊಸ’ದೇ.

ಅಂಗಳ ಮತ್ತು ಕೋಣೆ

ಪ್ರಾರ್ಥನಾ ಮಂದಿರ, ಊಟದ ಮನೆ, ಗ್ರಂಥಾಲಯ, ವಾಸದ ಕೋಣೆಗಳನ್ನು ಒಂದೇ ಚೌಕದ ಸುತ್ತ ಜೋಡಿಸುವ ಯೋಜನೆ ಪೂರ್ಣರೂಪದಲ್ಲಿ ಮೊದಲು ಕಾಣುವುದೂ ನ್ಯೂ ಕಾಲೇಜಿನಲ್ಲಿ. ಮಲೆನಾಡಿನ ತೊಟ್ಟಿಮನೆಯನ್ನು ಬಲ್ಲವರಿಗೆ ಈ ವಿನ್ಯಾಸ ಕೂಡಲೇ ಅರ್ಥವಾಗುತ್ತದೆ: ಬೀದಿಗೆ ಬೆನ್ನು, ಅಂಗಳಕ್ಕೆ ಮುಖ, ಹೋಗಿಬರಲು ಒಂದೇ ಹೆಬ್ಬಾಗಿಲು. ನಡುವಿನ ಹುಲ್ಲುಹಾಸನ್ನು ವಿದ್ಯಾರ್ಥಿಗಳು ತುಳಿಯುವಂತಿಲ್ಲ. ಹಲವು ಕಾಲೇಜುಗಳಲ್ಲಿ ಈ ಹಕ್ಕು ಫೆಲೋಗಳಿಗೆ, ಅಂದರೆ ಕಾಲೇಜಿನ ಆಡಳಿತದಲ್ಲಿ ಪಾಲಿರುವ ಅಧ್ಯಾಪಕ ಸದಸ್ಯರಿಗೆ ಮಾತ್ರ. ಮರ್ಟನ್‌ನ ಮಾಬ್ ಕ್ವಾಡ್ ಇಂಥ ಅಂಗಳಗಳಲ್ಲಿ ಅತಿ ಹಳೆಯವುಗಳ ಪೈಕಿ ಒಂದು. ಅದರ ಮಹಡಿಯ ಮೇಲೆ 14ನೆಯ ಶತಮಾನದಲ್ಲಿ ಕಟ್ಟಿದ ಗ್ರಂಥಾಲಯದಲ್ಲಿ ಸರಪಳಿ ಹಾಕಿ ಇಡುತ್ತಿದ್ದ ಪುಸ್ತಕಗಳ ಮಾದರಿಯನ್ನು ಈಗಲೂ ನೋಡಬಹುದು.

ಕೋಣೆಗಳು ಉದ್ದನೆಯ ಓಣಿಯ ಎರಡು ಬದಿಗೆ ಸಾಲಾಗಿ ಇರುವುದಿಲ್ಲ. ಅಂಗಳದಿಂದ ಹಲವು ಮೆಟ್ಟಿಲುಗಳು ಮೇಲೇಳುತ್ತವೆ. ಒಂದೊಂದು ಮಹಡಿಯಲ್ಲಿ ಮೆಟ್ಟಿಲಿನ ಆಚೆ ಈಚೆ ಒಂದೆರಡು ಬಾಗಿಲು. ವಿದ್ಯಾರ್ಥಿಯ ವಿಳಾಸವೇ ಇಷ್ಟನೆಯ ಮೆಟ್ಟಿಲು, ಇಷ್ಟನೆಯ ಕೋಣೆ. ಮಧ್ಯಯುಗದಲ್ಲಿ ಒಂದು ಕೋಣೆಯಲ್ಲಿ ಮೂರು ನಾಲ್ಕು ಜನ ಮಲಗುತ್ತಿದ್ದರು. ಓದಲು ಕಿಟಕಿಯ ಬಳಿ ಮರದ ತಡಿಕೆ ಕಟ್ಟಿದ ಗೂಡು ಮಾತ್ರ ತಲೆಗೊಂದು. ಕಿರಿಯರ ಜೊತೆ ಒಬ್ಬ ಹಿರಿಯ ಇರಬೇಕು, ಅವರ ಓದು ನಡತೆ ನೋಡಿಕೊಳ್ಳಬೇಕು ಎಂಬುದು ನಿಯಮ.

ಶ್ರೀಮಂತರ ಮಕ್ಕಳು ಬರತೊಡಗಿದ ಮೇಲೆ ಕೋಣೆಯ ರೂಪ ಬದಲಾಯಿತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಒಬ್ಬೊಬ್ಬನಿಗೆ ಕೂರಲು ಒಂದು, ಮಲಗಲು ಒಂದು ಎಂಬಂತೆ ಎರಡು ಕೋಣೆ ವಾಡಿಕೆಯಾಗಿತ್ತು. ಬಾಗಿಲು ಕೂಡ ಎರಡು. ಓಕ್ ಮರದ ಹೊರಬಾಗಿಲು ಹಾಕಿದ್ದರೆ ಯಾರೂ ತಟ್ಟಬಾರದು ಎಂದು ಅರ್ಥ. ತೆರೆದಿದ್ದರೆ ಗೆಳೆಯರು ಬರಬಹುದು. ಮೆಟ್ಟಿಲಿಗೊಬ್ಬನಂತೆ ಇದ್ದ ಸ್ಕೌಟ್ ಎಂಬ ಸೇವಕ ಬೆಳಗ್ಗೆ ಎಬ್ಬಿಸಿ, ಬಿಸಿನೀರು ಹೊತ್ತು ತಂದು, ಕಲ್ಲಿದ್ದಲಿನ ಒಲೆ ಹಚ್ಚಿ, ತಿಂಡಿಯನ್ನು ಕೋಣೆಗೇ ತಂದಿಡುತ್ತಿದ್ದ. ಇಷ್ಟು ಉಪಚಾರವಿದ್ದರೂ ಸ್ನಾನದ ಮನೆ ಇರಲಿಲ್ಲ. ಕೋಣೆಯಲ್ಲೇ ತಗಡಿನ ತೊಟ್ಟಿಯಲ್ಲಿ ಮಿಂದುಕೊಳ್ಳಬೇಕಿತ್ತು. ಹುಡುಗರು ಇಲ್ಲಿರುವುದೇ ಒಂದು ಸಲಕ್ಕೆ ಎಂಟು ವಾರ, ಅವರಿಗೆ ಸ್ನಾನದ ಮನೆ ಯಾಕೆ ಎಂದು ಹಿರಿಯ ಅಧ್ಯಾಪಕರೊಬ್ಬರು ಕೇಳಿದರೆಂಬ ಕತೆ ಆಕ್ಸ್‌ಫರ್ಡ್, ಕೇಂಬ್ರಿಜ್ ಎರಡು ಕಡೆಯೂ ಚಲಾವಣೆಯಲ್ಲಿದೆ. ಎರಡನೆಯ ಮಹಾಯುದ್ಧದ ನಂತರ ಸೇವಕರ ಈ ವ್ಯವಸ್ಥೆ ಕುಗ್ಗಿತು. ಸ್ಕೌಟ್ ಎಂಬ ಹೆಸರು ಉಳಿದಿದೆ. ಕೆಲಸ ಗುಡಿಸಿ ಒರೆಸುವುದು, ಕಸ ತೆಗೆಯುವುದಕ್ಕೆ ಸೀಮಿತವಾಗಿದೆ.

ಬಡ ವಿದ್ಯಾರ್ಥಿಗಳಿಗೂ ಜಾಗವಿತ್ತು, ಆದರೆ ಕೆಳಗಿನ ಮೆಟ್ಟಿಲಿನಲ್ಲಿ. ಸರ್ವಿಟರ್ ಎನ್ನಿಸಿಕೊಂಡವರು ಸಿರಿವಂತ ಸಹಪಾಠಿಗಳ ಚಾಕರಿ ಮಾಡಿ ಶುಲ್ಕದ ವಿನಾಯಿತಿ ಪಡೆಯುತ್ತಿದ್ದರು. ಸರ್ವಿಟರ್ ಅಲ್ಲದವನ ಪಾಡೂ ಕಷ್ಟದ್ದೇ. ಮುಂದೆ ಇಂಗ್ಲಿಷ್ ನಿಘಂಟು ರಚಿಸಿ ಹೆಸರಾದ ಸ್ಯಾಮ್ಯುಯೆಲ್ ಜಾನ್ಸನ್ 1728ರಲ್ಲಿ ಪೆಂಬ್ರೋಕ್ ಕಾಲೇಜು ಸೇರಿದ. ಅವನ ಹರಕು ಬೂಟು ನೋಡಿ ಯಾರೋ ಬಾಗಿಲ ಬಳಿ ಹೊಸ ಜೋಡಿ ಇಟ್ಟು ಹೋದಾಗ ಸಿಟ್ಟಿನಿಂದ ಅದನ್ನು ಎಸೆದನೆಂದು ಅವನ ಜೀವನಚರಿತ್ರೆ ಬರೆದ ಬಾಸ್ವೆಲ್ ದಾಖಲಿಸಿದ್ದಾನೆ. ಸುಮಾರು ಹದಿಮೂರು ತಿಂಗಳಲ್ಲಿ ಹಣ ಸಾಲದೆ ಜಾನ್ಸನ್ ಪದವಿಯಿಲ್ಲದೆ ಊರಿಗೆ ಮರಳಿದ. ಆ ಕಾಲೇಜು ಈಗ ಅವನ ಮೇಜನ್ನೂ ಚಹಾಪಾತ್ರೆಯನ್ನೂ ಜೋಪಾನ ಮಾಡಿಟ್ಟಿದೆ.

ಖರ್ಚು ತಗ್ಗಿಸಲೆಂದೇ ವಿನ್ಯಾಸ ಬದಲಿಸಿದ ಕಾಲೇಜು ಕೀಬಲ್ (1870). ವಾಸ್ತುಶಿಲ್ಪಿ ವಿಲಿಯಂ ಬಟರ್‌ಫೀಲ್ಡ್ ಕಲ್ಲಿನ ಊರಿನಲ್ಲಿ ಬಣ್ಣಬಣ್ಣದ ಇಟ್ಟಿಗೆಯ ಗೋಡೆ ಎಬ್ಬಿಸಿದ್ದಕ್ಕೆ ಬೈಗುಳ ತಿಂದ. ಒಳಗಿನ ಬದಲಾವಣೆ ಇನ್ನೂ ದೊಡ್ಡದು. ಮೆಟ್ಟಿಲಿನ ಬದಲು ಓಣಿ, ಇಬ್ಬಗೆಯ ಕೋಣೆಗಳ ಬದಲು ಒಂದೇ ಕೋಣೆ, ಕೋಣೆಗೆ ತಿಂಡಿ ತರುವ ಬದಲು ಎಲ್ಲರಿಗೂ ಊಟದ ಮನೆಯಲ್ಲೇ ಬಡಿಸುವುದು. ಓಣಿಯಿದ್ದರೆ ಕಡಿಮೆ ಸೇವಕರು ಹೆಚ್ಚು ಕೋಣೆಗಳನ್ನು ನೋಡಿಕೊಳ್ಳಬಹುದು. ನಾವು ಹಾಸ್ಟೆಲ್ ಎಂದು ಗುರುತಿಸುವ ಕಟ್ಟಡದ ಲೆಕ್ಕಾಚಾರ ಆಕ್ಸ್‌ಫರ್ಡಿಗೆ ಬಂದದ್ದು ಹೀಗೆ.

ಈಗ ಮೊದಲ ವರ್ಷದವರಿಗೆ ಕಾಲೇಜಿನ ಕೋಣೆ ಸಾಮಾನ್ಯವಾಗಿ ಖಾತರಿ. ಮುಂದಿನ ವರ್ಷಗಳಿಗೆ ಹಲವೆಡೆ ಚೀಟಿ ಎತ್ತುವ ಪದ್ಧತಿಯಿದೆ. ಚೀಟಿಯಲ್ಲಿ ಮುಂದಿನ ಸರದಿ ಬಂದವರು ಅಂಗಳ ಕಾಣುವ ಕೋಣೆ ಹಿಡಿಯುತ್ತಾರೆ, ಹಿಂದೆ ಬಿದ್ದವರಿಗೆ ಅಡುಗೆಮನೆಯ ಹಿಂಬದಿ. ಕಾಲೇಜಿನಲ್ಲಿ ಜಾಗ ಸಾಲದ ಕಡೆ ಎರಡನೆಯ ವರ್ಷದವರು ಕೌಲಿ ರಸ್ತೆ, ಜೆರಿಕೋ ಬಡಾವಣೆಗಳಲ್ಲಿ ನಾಲ್ಕೈದು ಜನ ಸೇರಿ ಮನೆ ಮಾಡುತ್ತಾರೆ. ಬಾಡಿಗೆಯ ತಗಾದೆ ಇಂದಿಗೂ ಮುಗಿದಿಲ್ಲ ಎನ್ನಬಹುದು. ನಾನೂರು ವರ್ಷ ಹಳೆಯ ಕೋಣೆ ಸಿಕ್ಕವರಿಗೆ ಕಲ್ಲಿನ ಕಿಟಕಿಯ ಸೊಬಗು ಇರುತ್ತದೆ, ಶೌಚಾಲಯ ಮಾತ್ರ ಒಂದು ಮಹಡಿ ಕೆಳಗೆ ಇರಬಹುದು. ಹೊಸ ಕಟ್ಟಡಗಳಲ್ಲಿ ಕೋಣೆಗೇ ಸ್ನಾನದ ಮನೆ ಅಂಟಿಕೊಂಡಿರುತ್ತದೆ. ಬಟ್ಟೆ ಒಗೆಯುವ ಯಂತ್ರಗಳು ಬಹುತೇಕ ನೆಲಮಾಳಿಗೆಯಲ್ಲಿ.

ಊಟದ ಮನೆ

ಕಾಲೇಜಿನ ನಿಜವಾದ ಕೇಂದ್ರ ಊಟದ ಮನೆ. ಎತ್ತರದ ಮರದ ಮಾಡು, ಗೋಡೆಯ ತುಂಬ ಹಳೆಯ ಮುಖ್ಯಸ್ಥರ ತೈಲಚಿತ್ರ, ಉದ್ದನೆಯ ಮೇಜು ಬೆಂಚುಗಳು. ತುದಿಯಲ್ಲಿ ಅಡ್ಡಲಾಗಿ, ಒಂದು ಮೆಟ್ಟಿಲು ಎತ್ತರದಲ್ಲಿ, ಫೆಲೋಗಳ ಹೈ ಟೇಬಲ್. ಕ್ರೈಸ್ಟ್ ಚರ್ಚ್ ಕಾಲೇಜಿನ ಊಟದ ಮನೆ ಹ್ಯಾರಿ ಪಾಟರ್ ಚಲನಚಿತ್ರಗಳ ಭೋಜನಶಾಲೆಗೆ ಸ್ಫೂರ್ತಿಯಾಯಿತು, ಅದಕ್ಕೆ ಹತ್ತುವ ಮೆಟ್ಟಿಲುಗಳಲ್ಲಿ ಚಿತ್ರೀಕರಣವೂ ನಡೆಯಿತು. ಪ್ರವಾಸಿಗರ ಸಾಲು ವಿದ್ಯಾರ್ಥಿಗಳ ಮಧ್ಯಾಹ್ನದ ಊಟಕ್ಕೆ ಅಡ್ಡ ಬರುವಷ್ಟು ಅದು ಪ್ರಸಿದ್ಧ.

ದಿನದ ಊಟ ಸರಳ: ತಟ್ಟೆ ಹಿಡಿದು ಸಾಲಿನಲ್ಲಿ ನಿಂತು ಬಡಿಸಿಕೊಳ್ಳುವುದು. ಫಾರ್ಮಲ್ ಹಾಲ್ ಎಂಬ ರಾತ್ರಿಯೂಟ ಬೇರೆ ಬಗೆಯದು. ಕಪ್ಪು ಗೌನು ತೊಟ್ಟು ಬರಬೇಕು. ಹೈ ಟೇಬಲಿನವರು ಒಳಗೆ ಬಂದಾಗ ಎಲ್ಲರೂ ಏಳಬೇಕು. ಲ್ಯಾಟಿನ್‌ನಲ್ಲಿ ಪ್ರಾರ್ಥನೆ ಹೇಳಿದ ಮೇಲೆ ಕೂರಬೇಕು. ಮೂರು ಸುತ್ತಿನ ಊಟವನ್ನು ಎಲ್ಲರಿಗೂ ಕೂತಲ್ಲಿಗೇ ಬಡಿಸುತ್ತಾರೆ. ಕೆಲವು ಕಾಲೇಜುಗಳಲ್ಲಿ ಇದು ವಾರಕ್ಕೆ ಹಲವು ದಿನ, ಇನ್ನು ಕೆಲವೆಡೆ ಅಪರೂಪ. ಗೌನಿನಲ್ಲೂ ಅಂತಸ್ತಿದೆ: ಪರೀಕ್ಷೆಯಲ್ಲಿ ಮೇಲಿನ ದರ್ಜೆ ಪಡೆದು ಸ್ಕಾಲರ್ ಆದವರದು ಉದ್ದ, ಉಳಿದವರದು ತೋಳಿಲ್ಲದ ಮೋಟು.

1341ರಲ್ಲಿ ಸ್ಥಾಪನೆಯಾದ ಕ್ವೀನ್ಸ್ ಕಾಲೇಜಿನಲ್ಲಿ ಊಟಕ್ಕೆ ಕರೆಯುವುದು ಕಹಳೆ ಊದಿ. ಅಲ್ಲೇ ಹೊಸ ವರ್ಷದ ಔತಣದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಬರ್ಸರ್ ಅತಿಥಿಗಳ ಕೈಗೆ ಸೂಜಿದಾರ ಕೊಟ್ಟು ದುಂದು ಮಾಡಬೇಡಿರೆಂದು ಹರಸುತ್ತಾರೆ. ಔತಣದ ನಡುವೆ ಮಿತವ್ಯಯದ ಉಪದೇಶ ಎಂದು ನಗಬಹುದು. ಆದರೆ ಶತಮಾನಗಟ್ಟಲೆ ಉಳಿದುಬಂದ ಸಂಸ್ಥೆಗಳಿಗೆ ಲೆಕ್ಕದ ಈ ಭಯ ಇದ್ದದ್ದೇ. 1642ರಲ್ಲಿ ಅಂತರ್ಯುದ್ಧ ಶುರುವಾಗಿ ದೊರೆ ಒಂದನೆಯ ಚಾರ್ಲ್ಸ್ ಕ್ರೈಸ್ಟ್ ಚರ್ಚಿನಲ್ಲಿ ಬಿಡಾರ ಹೂಡಿದಾಗ ಕಾಲೇಜುಗಳು ತಮ್ಮ ಬೆಳ್ಳಿಯ ಪಾತ್ರೆಪಡಗಗಳನ್ನು ಸೈನಿಕರ ಸಂಬಳದ ನಾಣ್ಯ ಮಾಡಲು ಒಪ್ಪಿಸಬೇಕಾಯಿತು. ಸಾಲವೆಂದು ಪಡೆದದ್ದು, ತೀರಲಿಲ್ಲ.

ಊಟ, ಕೋಣೆ, ದಂಡ ಎಲ್ಲ ಸೇರಿದ ಕಾಲೇಜಿನ ಬಿಲ್ಲಿಗೆ ಬ್ಯಾಟಲ್ಸ್ ಎಂದು ಹೆಸರು. ಅವಧಿಯ ಮೊದಲ ವಾರಗಳಲ್ಲಿ ಅದನ್ನು ಕಟ್ಟುವುದು ವಿದ್ಯಾರ್ಥಿಗಳ ದೊಡ್ಡ ಚಿಂತೆಗಳಲ್ಲೊಂದು. ಸಸ್ಯಾಹಾರಿಗಳ ಪಾಡು ಒಂದು ಕಾಲಕ್ಕೆ ಇನ್ನೂ ಕಠಿಣ. ಸೋದರಸಂಸ್ಥೆಯಾದ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ 1914ರಲ್ಲಿ ಬಂದ ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಊಟದ ಮನೆಯನ್ನು ದೂರವಿಟ್ಟು ತಮ್ಮ ಕೋಣೆಯಲ್ಲಿ ತಾವೇ ಬೇಯಿಸಿಕೊಳ್ಳುತ್ತಿದ್ದರು. ಒಟ್ಟಿಗೆ ಉಣ್ಣುವುದರ ಮೇಲೆ ನಿಂತ ಸಮಾಜದಲ್ಲಿ ಹಾಗೆ ಬೇರೆ ಉಣ್ಣುವವರು ಎಷ್ಟು ಒಂಟಿಯಾಗುತ್ತಾರೆ ಎಂಬುದನ್ನು ಅವರ ಜೀವನ ತೋರಿಸುತ್ತದೆ. ಯುದ್ಧಕಾಲದಲ್ಲಿ ತರಕಾರಿಗಳ ಅಭಾವವೂ ಸೇರಿ ಅವರ ಆರೋಗ್ಯ ಕೆಟ್ಟಿತು. ಇಂದು ಎರಡೂ ವಿಶ್ವವಿದ್ಯಾನಿಲಯಗಳ ಕಾಲೇಜುಗಳಲ್ಲಿ ಸಸ್ಯಾಹಾರ ಸಾಮಾನ್ಯ. ಮಹಡಿಗೊಂದು ಚಿಕ್ಕ ಅಡುಗೆಮನೆಯೂ ಹಲವೆಡೆ ಉಂಟು.

ಹೆಬ್ಬಾಗಿಲು

ಕ್ರೈಸ್ಟ್ ಚರ್ಚಿನ ಹೆಬ್ಬಾಗಿಲ ಮೇಲಿನ ಗೋಪುರವನ್ನು ಕ್ರಿಸ್ಟೋಫರ್ ರೆನ್ 1680ರ ದಶಕದ ಆರಂಭದಲ್ಲಿ ಮುಗಿಸಿದ. ಅಲ್ಲಿರುವ ಗ್ರೇಟ್ ಟಾಮ್ ಎಂಬ ಗಂಟೆ ಪ್ರತಿ ರಾತ್ರಿ 9 ಗಂಟೆ 5 ನಿಮಿಷಕ್ಕೆ 101 ಸಲ ಬಾರಿಸುತ್ತದೆ. ಸಂಸ್ಥಾಪನೆಯ ಕಾಲದ ನೂರು ಸ್ಕಾಲರುಗಳಿಗೆ ತಲೆಗೊಂದು, ಆಮೇಲೆ ಸೇರಿದ ಒಂದು ಸ್ಥಾನಕ್ಕೆ ಇನ್ನೊಂದು. ಗ್ರೀನಿಚ್ ಸಮಯಕ್ಕಿಂತ ಆಕ್ಸ್‌ಫರ್ಡಿನ ಸ್ಥಳೀಯ ಸಮಯ ಐದು ನಿಮಿಷ ಹಿಂದಿರುವುದರಿಂದ ಅದು ಹಳೆಯ ಲೆಕ್ಕದಲ್ಲಿ ಸರಿಯಾಗಿ ಒಂಬತ್ತು. ಗಂಟೆ ಕೇಳಿದೊಡನೆ ಬಾಗಿಲು ಮುಚ್ಚುತ್ತಿತ್ತು. ತಡವಾಗಿ ಬಂದವರು ದಂಡ ತೆರಬೇಕು. ತೀರ ತಡವಾದವರು ಗೋಡೆ ಹತ್ತಬೇಕು. ಯಾವ ಕಾಲೇಜಿನ ಯಾವ ಕಿಟಕಿಯ ಸರಳು ಸಡಿಲ, ಯಾವ ದೀಪದ ಕಂಬ ಗಟ್ಟಿ ಎಂಬ ಜ್ಞಾನ ಹಿರಿಯರಿಂದ ಕಿರಿಯರಿಗೆ ಬಾಯಿಂದ ಬಾಯಿಗೆ ಸಾಗುತ್ತಿತ್ತು. ವಿದ್ಯಾರ್ಥಿಗಳ ಕೈಗೆ ಬೀಗದ ಕೈ ಬಂದ ಮೇಲೆ ಈ ವಿದ್ಯೆ ಮರೆಯಾಯಿತು. ಈಗ ಕಾರ್ಡ್ ತೋರಿಸಿದರೆ ಬಾಗಿಲು ಯಾವ ಹೊತ್ತಿನಲ್ಲೂ ತೆರೆಯುತ್ತದೆ.

ಊರಿನ ಬೀದಿಗಳಲ್ಲಿ ಪ್ರಾಕ್ಟರ್ ಎಂಬ ಅಧಿಕಾರಿಗಳು ಗಸ್ತು ತಿರುಗಿ ಹೆಂಡದಂಗಡಿಯಲ್ಲಿ ಸಿಕ್ಕ ವಿದ್ಯಾರ್ಥಿಗಳನ್ನು ಹಿಡಿಯುತ್ತಿದ್ದರು. ಅವರ ಬೆನ್ನಿಗೆ ಬುಲ್‌ಡಾಗ್ಸ್ ಎಂಬ ಅಡ್ಡಹೆಸರಿನ ವಿಶ್ವವಿದ್ಯಾನಿಲಯದ್ದೇ ಪೊಲೀಸರಿದ್ದರು. ಈ ಪಡೆ 2003ರಲ್ಲಿ ರದ್ದಾಯಿತು. ದೊಡ್ಡ ತಪ್ಪಿಗೆ ಕಾಲೇಜಿನಿಂದಲೇ ಹೊರಹಾಕುತ್ತಿದ್ದರು. ಕವಿ ಷೆಲ್ಲಿ ನಾಸ್ತಿಕವಾದದ ಅಗತ್ಯ ಕುರಿತ ಕಿರುಹೊತ್ತಗೆಯ ದೆಸೆಯಿಂದ 1811ರಲ್ಲಿ ಯೂನಿವರ್ಸಿಟಿ ಕಾಲೇಜಿನಿಂದ ಹೊರಬಿದ್ದ. ಅದೇ ಕಾಲೇಜು ಆ ಶತಮಾನ ಮುಗಿಯುವುದರೊಳಗೆ ಗುಮ್ಮಟದಡಿ ಅವನ ಅಮೃತಶಿಲೆಯ ಪ್ರತಿಮೆಗೆ ಜಾಗ ಕೊಟ್ಟಿತು.

ಹೆಬ್ಬಾಗಿಲ ಪಕ್ಕದ ಪೋರ್ಟರ್ಸ್ ಲಾಡ್ಜ್ ಹೊಸ ವಿದ್ಯಾರ್ಥಿ ಮೊದಲು ಕಾಲಿಡುವ ಜಾಗ. ಕೋಣೆಯ ಬೀಗದ ಕೈ, ಅಂಚೆ, ಕಳೆದುಹೋದ ಕೊಡೆ, ನಡುರಾತ್ರಿ ಆ್ಯಂಬುಲೆನ್ಸ್ ಎಲ್ಲಕ್ಕೂ ಅಲ್ಲಿ ಬಾಗಿಲು ಕಾಯುವ ಪೋರ್ಟರುಗಳೇ. ಕಾಲೇಜಿನ ಮುಖ್ಯಸ್ಥನ ಬಿರುದು ಒಂದೊಂದು ಕಡೆ ಒಂದೊಂದು: ಮರ್ಟನ್‌ನಲ್ಲಿ ವಾರ್ಡನ್, ಬೇಲಿಯಲ್‌ನಲ್ಲಿ ಮಾಸ್ಟರ್, ಓರಿಯಲ್‌ನಲ್ಲಿ ಪ್ರೊವೊಸ್ಟ್, ಎಕ್ಸೆಟರ್‌ನಲ್ಲಿ ರೆಕ್ಟರ್. ಮುಖ್ಯಸ್ಥನನ್ನು ವರ್ಷಕ್ಕೆರಡು ಸಲ ಕಾಣುವ ವಿದ್ಯಾರ್ಥಿ ಪೋರ್ಟರನ್ನು ದಿನಕ್ಕೆ ನಾಲ್ಕು ಸಲ ಕಾಣುತ್ತಾನೆ. ಕಾಲೇಜಿನ ಸ್ವಭಾವ ಅರಿಯಬೇಕೆಂದರೆ ಮುಖ್ಯಸ್ಥನ ಭಾಷಣಕ್ಕಿಂತ ಲಾಡ್ಜ್‌ನಲ್ಲಿ ಅರ್ಧ ಗಂಟೆ ನಿಲ್ಲುವುದು ಮೇಲು.

ಓದು

ವರ್ಷಕ್ಕೆ ಎಂಟೆಂಟು ವಾರಗಳ ಮೂರು ಅವಧಿ: ಅಕ್ಟೋಬರಿನಿಂದ ಮಿಕಲ್‌ಮಸ್, ಜನವರಿಯಿಂದ ಹಿಲರಿ, ಏಪ್ರಿಲ್ ಕೊನೆಯಿಂದ ಟ್ರಿನಿಟಿ. ಹಾಜರಿ ಪಟ್ಟಿಗಿಂತ ವಾಸಕ್ಕೇ ಇಲ್ಲಿ ಹೆಚ್ಚು ಬೆಲೆ. ಪದವಿ ವಿದ್ಯಾರ್ಥಿ ಪ್ರತಿ ಅವಧಿಯಲ್ಲಿ ಆರು ವಾರವಾದರೂ ಊರ ನಡುವಿನ ಕಾರ್ಫ್ಯಾಕ್ಸ್ ವೃತ್ತದಿಂದ ಆರು ಮೈಲಿಯೊಳಗೆ ವಾಸವಿರಬೇಕೆಂಬ ನಿಯಮವಿದೆ.

ಈ ಎಂಟು ವಾರ ಸುತ್ತುವುದು ಟ್ಯುಟೋರಿಯಲ್ ಎಂಬ ಪಾಠದ ಸುತ್ತ. ವಾರಕ್ಕೆ ಒಂದೆರಡು ಸಲ, ಒಬ್ಬರೋ ಇಬ್ಬರೋ ಮೂವರೋ ವಿದ್ಯಾರ್ಥಿಗಳು ಅಧ್ಯಾಪಕರ ಕೋಣೆಯಲ್ಲಿ ಒಂದು ಗಂಟೆ ಕೂರುತ್ತಾರೆ. ಕೊಟ್ಟ ಪುಸ್ತಕಗಳನ್ನು ಓದಿ ಬರೆದ ಪ್ರಬಂಧ ಅಲ್ಲಿ ಚರ್ಚೆಗೆ ಬರುತ್ತದೆ. ವಿಜ್ಞಾನದವರಾದರೆ ಬಿಡಿಸಿ ತಂದ ಲೆಕ್ಕಗಳು. ಓದದೆ ಹೋದವನಿಗೆ ಹಿಂದಿನ ಬೆಂಚು ಎಂಬುದಿಲ್ಲ. ಇಡೀ ವ್ಯವಸ್ಥೆಯಲ್ಲಿ ಅತಿ ದುಬಾರಿಯಾದದ್ದೂ ಇದೇ, ಇತರರು ನಕಲು ಮಾಡಲಾರದೆ ಬಿಟ್ಟದ್ದೂ ಇದೇ. ಅಧ್ಯಾಪಕರೂ ಆವರಣದಲ್ಲೇ ಇರಲಿ ಎಂಬ ಹಳೆಯ ಕಟ್ಟಳೆ ಇದಕ್ಕೆ ತಳಹದಿಯಾಯಿತು. ಬಹುಪಾಲು ಫೆಲೋಗಳು ಮದುವೆಯಾದರೆ ಸ್ಥಾನ ಬಿಡಬೇಕು ಎಂಬ ನಿಯಮ 1880ರ ದಶಕದವರೆಗೂ ಇತ್ತು. ಆ್ಯಲಿಸಳ ಕತೆ ಬರೆದ ಲೂಯಿಸ್ ಕ್ಯಾರಲ್, ಅಂದರೆ ಗಣಿತದ ಅಧ್ಯಾಪಕ ಚಾರ್ಲ್ಸ್ ಡಾಡ್ಜ್‌ಸನ್, 1851ರಲ್ಲಿ ವಿದ್ಯಾರ್ಥಿಯಾಗಿ ಕ್ರೈಸ್ಟ್ ಚರ್ಚಿಗೆ ಬಂದು 1898ರಲ್ಲಿ ಸಾಯುವವರೆಗೂ ಅದನ್ನೇ ಮನೆ ಮಾಡಿಕೊಂಡಿದ್ದ.

ವಿಶ್ವವಿದ್ಯಾನಿಲಯದ ಬಾಡ್ಲಿಯನ್ ಗ್ರಂಥಾಲಯ (1602) ಪುಸ್ತಕವನ್ನು ಮನೆಗೆ ಕೊಡುವುದಿಲ್ಲ. ಎರವಲು ಬೇಕಾದವರಿಗೆ ಕಾಲೇಜಿನ ಗ್ರಂಥಾಲಯವಿದೆ. ಅದು ಹಲವೆಡೆ ರಾತ್ರಿಯಿಡೀ ತೆರೆದಿರುತ್ತದೆ. ಲಿಂಕನ್ ಕಾಲೇಜು 1970ರ ದಶಕದಲ್ಲಿ ಪಕ್ಕದ ಹದಿನೆಂಟನೆಯ ಶತಮಾನದ ಚರ್ಚನ್ನೇ ಗ್ರಂಥಾಲಯ ಮಾಡಿಕೊಂಡಿತು. ಪರೀಕ್ಷೆಯ ಹೊತ್ತಿನಲ್ಲಿ ಓದಲು ಅದಕ್ಕಿಂತ ತಕ್ಕ ಜಾಗ ಸಿಗದು. ಪರೀಕ್ಷೆಗೆ ಗೌನು, ಬಿಳಿ ಅಂಗಿ, ಕಪ್ಪು ಉಡುಪು ಕಡ್ಡಾಯ. ಎದೆಗೆ ಕಾರ್ನೇಷನ್ ಹೂ ಸಿಕ್ಕಿಸಿಕೊಳ್ಳುವ ವಾಡಿಕೆಯಿದೆ: ಮೊದಲ ಪತ್ರಿಕೆಗೆ ಬಿಳಿ, ನಡುವಿನವಕ್ಕೆ ಗುಲಾಬಿ, ಕೊನೆಯದಕ್ಕೆ ಕೆಂಪು.

ಹಾಡು, ಹುಟ್ಟು, ಹರಟೆ

ಪ್ರಾರ್ಥನೆಗೆ ಹೋಗುವುದು ಒಂದು ಕಾಲಕ್ಕೆ ಕಡ್ಡಾಯ. ಪದವಿಗೆ ಆಂಗ್ಲಿಕನ್ ಪಂಥದ ಒಪ್ಪಿಗೆ ಹೇಳಬೇಕಿದ್ದುದರಿಂದ ಕ್ಯಾಥೊಲಿಕರಿಗೂ ಯಹೂದಿಗಳಿಗೂ ಬಾಗಿಲು ಮುಚ್ಚಿತ್ತು. 1871ರ ಕಾಯಿದೆ ಈ ಧರ್ಮಪರೀಕ್ಷೆಗಳನ್ನು ಬಹುಮಟ್ಟಿಗೆ ತೆಗೆದುಹಾಕಿತು. ಪ್ರಾರ್ಥನಾ ಮಂದಿರಗಳು ಇಂದು ಹೆಸರಾಗಿರುವುದು ಸಂಗೀತಕ್ಕೆ. ನ್ಯೂ ಕಾಲೇಜು, ಮಾಡ್ಲಿನ್, ಕ್ರೈಸ್ಟ್ ಚರ್ಚ್ ಮೂರರ ಗಾಯಕವೃಂದಗಳು ಲೋಕಪ್ರಸಿದ್ಧ. ಮೇ ಒಂದರ ಬೆಳಗ್ಗೆ ಆರಕ್ಕೆ ಮಾಡ್ಲಿನ್ ಗೋಪುರದ ನೆತ್ತಿಯಿಂದ ಆ ಕಾಲೇಜಿನ ಗಾಯಕರು ಹಾಡುವುದನ್ನು ಕೇಳಲು ಸಾವಿರಾರು ಜನ ಬೀದಿಯಲ್ಲಿ ನಿಲ್ಲುತ್ತಾರೆ. ಅವರಲ್ಲಿ ಅನೇಕರು ಹಿಂದಿನ ರಾತ್ರಿ ಮಲಗಿಯೇ ಇರುವುದಿಲ್ಲ.

ಆಟಗಳಲ್ಲಿ ದೋಣಿಪಂದ್ಯಕ್ಕೆ ಅಗ್ರಸ್ಥಾನ. ಊರಲ್ಲಿ ಐಸಿಸ್ ಎಂದು ಕರೆಯುವ ಥೇಮ್ಸ್ ನದಿ ಅಕ್ಕಪಕ್ಕ ದೋಣಿ ಓಡಿಸುವಷ್ಟು ಅಗಲವಿಲ್ಲ. ಆದ್ದರಿಂದ ಎಂಟು ಹುಟ್ಟುಗಾರರ ದೋಣಿಗಳು ಒಂದರ ಹಿಂದೆ ಒಂದು ಅಂತರವಿಟ್ಟು ಹೊರಟು, ಹಿಂದಿನದು ಮುಂದಿನದನ್ನು ಮುಟ್ಟಲು ಯತ್ನಿಸುತ್ತದೆ. ಮುಟ್ಟಿದರೆ ಮರುದಿನ ಒಂದು ಸ್ಥಾನ ಮೇಲೆ. ನಾಲ್ಕು ದಿನದ ಪಂದ್ಯ ಮುಗಿದಾಗಿನ ಸ್ಥಾನದಿಂದಲೇ ಮುಂದಿನ ವರ್ಷದ ಆರಂಭ. ಅಜ್ಜನ ಕಾಲದ ಸೋಲನ್ನು ಮೊಮ್ಮಗನೂ ಹೊರಬೇಕಾಗುತ್ತದೆ. ಬೇಸಿಗೆಯ ಈ ಸ್ಪರ್ಧೆಗೆ ಎಯ್ಟ್ಸ್, ಚಳಿಗಾಲದ್ದಕ್ಕೆ ಟಾರ್ಪಿಡ್ಸ್ ಎಂದು ಹೆಸರು.

ಪದವಿ ವಿದ್ಯಾರ್ಥಿಗಳು, ಸ್ನಾತಕೋತ್ತರರು, ಅಧ್ಯಾಪಕರು ಮೂರು ವರ್ಗಕ್ಕೂ ಪ್ರತ್ಯೇಕ ಕಾಮನ್ ರೂಮ್ ಉಂಟು. ಜೂನಿಯರ್ ಕಾಮನ್ ರೂಮ್ ಹರಟೆಯ ಕೋಣೆಯೂ ಹೌದು, ಚುನಾಯಿತ ವಿದ್ಯಾರ್ಥಿ ಸಂಘವೂ ಹೌದು. ಬಾಡಿಗೆ ಏರಿಕೆಯ ಮಾತುಕತೆಯಿಂದ ಕುಣಿತದ ಕೂಟದವರೆಗೆ ಎಲ್ಲ ಅದರ ಪಾಲು. ಹೊಸಬರಿಗೆ ಹಿರಿಯ ವಿದ್ಯಾರ್ಥಿಗಳಿಬ್ಬರನ್ನು ‘ಅಪ್ಪ–ಅಮ್ಮ’ ಎಂದು ಗೊತ್ತುಮಾಡುವ ಪದ್ಧತಿ ಹಲವು ಕಾಲೇಜುಗಳಲ್ಲಿದೆ. ಸಂಪ್ರದಾಯವನ್ನು ಹೊಸದಾಗಿ ಹುಟ್ಟಿಸುವುದೂ ಇಲ್ಲಿನ ಒಂದು ಸಂಪ್ರದಾಯ: ಅಕ್ಟೋಬರಿನಲ್ಲಿ ಗಡಿಯಾರ ಹಿಂದಿಡುವ ರಾತ್ರಿ ಮರ್ಟನ್ ವಿದ್ಯಾರ್ಥಿಗಳು ಗೌನು ತೊಟ್ಟು, ಪೋರ್ಟ್ ವೈನ್ ಕುಡಿಯುತ್ತ ಅಂಗಳದಲ್ಲಿ ಹಿಂದುಹಿಂದಕ್ಕೆ ನಡೆಯುತ್ತಾರೆ. ನೋಡಿದವರಿಗೆ ಮಧ್ಯಯುಗದ ಆಚರಣೆಯೆನಿಸಬಹುದು; ಶುರುವಾದದ್ದು 1971ರಲ್ಲಿ.

ಸ್ತ್ರೀಯರು

ಈ ಎಲ್ಲ ಸೌಕರ್ಯ ಆರು ಶತಮಾನ ಕಾಲ ಗಂಡಸರಿಗೆ ಮಾತ್ರ. 1879ರಲ್ಲಿ ಲೇಡಿ ಮಾರ್ಗರೆಟ್ ಹಾಲ್ ಮತ್ತು ಸಾಮರ್ವಿಲ್ ಬಾಗಿಲು ತೆರೆದಾಗ ಅವು ಊರಂಚಿನ ಬಾಡಿಗೆ ಮನೆಗಳಷ್ಟೇ. ಸೇಂಟ್ ಹ್ಯೂಸ್ (1886), ಸೇಂಟ್ ಹಿಲ್ಡಾಸ್ (1893) ಹಿಂಬಾಲಿಸಿದವು. ಉಪನ್ಯಾಸಕ್ಕೆ ಹೋಗಲು ಜೊತೆಗೊಬ್ಬ ಹಿರಿಯ ಹೆಂಗಸು ಬೇಕು. ಪರೀಕ್ಷೆ ಬರೆಯಬಹುದು, ಪದವಿ ಇಲ್ಲ. ಪದವಿ ಸಿಕ್ಕಿದ್ದು 1920ರಲ್ಲಿ. ಏಳು ವರ್ಷಕ್ಕೇ, 1927ರಲ್ಲಿ, ವಿಶ್ವವಿದ್ಯಾನಿಲಯ ವಿದ್ಯಾರ್ಥಿನಿಯರ ಸಂಖ್ಯೆಗೆ ಮಿತಿ ಹಾಕಿತು. ಅದು ಮೂವತ್ತು ವರ್ಷ ಉಳಿಯಿತು. ಮೊದಲ ಮಹಾಯುದ್ಧದಲ್ಲಿ ಸಾಮರ್ವಿಲ್ ಸೇನಾ ಆಸ್ಪತ್ರೆಯಾದಾಗ ಅಲ್ಲಿನ ವಿದ್ಯಾರ್ಥಿನಿಯರಿಗೆ ಗಂಡಸರ ಕಾಲೇಜಾದ ಓರಿಯಲ್‌ನ ಒಂದು ಅಂಗಳ ಬಿಟ್ಟುಕೊಟ್ಟು, ನಡುವಿನ ದಾರಿಯನ್ನು ಗೋಡೆ ಕಟ್ಟಿ ಮುಚ್ಚಿದರು. 1974ರಲ್ಲಿ ಐದು ಪುರುಷ ಕಾಲೇಜುಗಳು ಸ್ತ್ರೀಯರನ್ನು ಸೇರಿಸಿಕೊಂಡವು. ಕೊನೆಯದಾಗಿ ಒಪ್ಪಿದ್ದು ಅದೇ ಓರಿಯಲ್, 1985ರಲ್ಲಿ. ಸೇಂಟ್ ಹಿಲ್ಡಾಸ್ 2008ರಲ್ಲಿ ಗಂಡಸರಿಗೆ ತೆರೆದ ಮೇಲೆ ಏಕಲಿಂಗ ಕಾಲೇಜುಗಳ ಕಾಲ ಮುಗಿಯಿತು.

ಭಾರತೀಯರು

ಸಾಮರ್ವಿಲ್‌ಗೆ 1889ರಲ್ಲಿ ಬಂದ ಕಾರ್ನೆಲಿಯಾ ಸೊರಾಬ್ಜಿ 1892ರಲ್ಲಿ ಕಾನೂನಿನ ಉನ್ನತ ಪರೀಕ್ಷೆ ಬರೆದ ಮೊದಲ ಮಹಿಳೆ. ಪದವಿಪ್ರದಾನಕ್ಕೆ ಮೂವತ್ತು ವರ್ಷ ಕಾಯಬೇಕಾಯಿತು. 1937ರಲ್ಲಿ ಇಂದಿರಾ ನೆಹರೂ ಸೇರಿದ್ದೂ ಅಲ್ಲಿಗೇ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1918ರಿಂದ 1921ರ ವರೆಗೆ ಪಾಠ ಹೇಳಿದ ಎಸ್. ರಾಧಾಕೃಷ್ಣನ್ 1936ರಲ್ಲಿ ಪೌರಸ್ತ್ಯ ಧರ್ಮಗಳ ಸ್ಪಾಲ್ಡಿಂಗ್ ಪ್ರಾಧ್ಯಾಪಕರಾಗಿ ಆಲ್ ಸೋಲ್ಸ್ ಸೇರಿದರು. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸ್ ಆಕ್ಸ್‌ಫರ್ಡಿನಲ್ಲಿ ಸಂಶೋಧನೆ ಮಾಡಿ ಕೊಡವರ ಧರ್ಮ ಮತ್ತು ಸಮಾಜದ ಮೇಲೆ ಬರೆದ ಗ್ರಂಥ ಅಲ್ಲಿಂದಲೇ 1952ರಲ್ಲಿ ಪ್ರಕಟವಾಯಿತು.

ಕನ್ನಡ ಓದುಗರಿಗೆ ಹೆಚ್ಚು ಪರಿಚಿತವಾದ ಹೆಸರು ಗಿರೀಶ ಕಾರ್ನಾಡರದು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ ಓದಿ, ರೋಡ್ಸ್ ವಿದ್ಯಾರ್ಥಿವೇತನ ಪಡೆದು 1960ರಲ್ಲಿ ಹೊರಟ ಅವರು ಮಾಡ್ಲಿನ್ ಕಾಲೇಜಿನಲ್ಲಿ ತತ್ತ್ವಶಾಸ್ತ್ರ, ರಾಜಕೀಯ, ಅರ್ಥಶಾಸ್ತ್ರ ಓದಿದರು; ಕಾಲೇಜುಗಳ ಆಚೆಗಿನ ಪ್ರಸಿದ್ಧ ಚರ್ಚಾಕೂಟವಾದ ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರೂ ಆದರು. ಅವರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಹೊರಬಂದಾಗ ಲೇಖಕರು ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿ.

ಹೊಸ ಕಾಲೇಜುಗಳು, ರಜೆ

ಇಪ್ಪತ್ತನೆಯ ಶತಮಾನದ ಕಾಲೇಜುಗಳು ಹಳೆಯ ಅಚ್ಚನ್ನು ಹಾಗೆಯೇ ಒಪ್ಪಲಿಲ್ಲ. 1962ರಲ್ಲಿ ಸ್ಥಾಪಿತವಾದ ಸೇಂಟ್ ಕ್ಯಾಥರಿನ್ಸ್‌ಗೆ ಡೆನ್ಮಾರ್ಕಿನ ಆರ್ನೆ ಯಾಕೋಬ್‌ಸನ್ ಕಟ್ಟಡದ ಜೊತೆಗೆ ಕುರ್ಚಿ, ತೋಟಗಳನ್ನೂ ತಾನೇ ರೂಪಿಸಿದ. ಗಾಜು ಕಾಂಕ್ರೀಟಿನ ಆ ಆವರಣದಲ್ಲೂ ಚೌಕದ ಅಂಗಳ ಮತ್ತು ದೊಡ್ಡ ಊಟದ ಮನೆ ತಪ್ಪಲಿಲ್ಲ. ಸ್ನಾತಕೋತ್ತರರಿಗೆಂದು ಹುಟ್ಟಿದ ವುಲ್ಫ್‌ಸನ್ (1966) ಇನ್ನೂ ಮುಂದೆ ಹೋಯಿತು. ಅದರ ಮೊದಲ ಅಧ್ಯಕ್ಷ ಐಸಾಯಾ ಬರ್ಲಿನ್. ಅಲ್ಲಿ ಹೈ ಟೇಬಲ್ ಇಲ್ಲ, ವಿದ್ಯಾರ್ಥಿ ಅಧ್ಯಾಪಕರಿಗೆ ಕಾಮನ್ ರೂಮ್ ಒಂದೇ, ಸಂಸಾರವಂದಿಗರಿಗೆ ಮನೆಗಳಿವೆ, ಮಕ್ಕಳಿಗೆ ಶಿಶುವಿಹಾರವಿದೆ. ಫೆಲೋ ಮದುವೆಯಾಗಬಾರದೆಂದು ಕಟ್ಟಳೆಯಿದ್ದ ಊರಿನಲ್ಲಿ ಕಾಲೇಜೇ ತೊಟ್ಟಿಲು ತೂಗುವಷ್ಟು ಬದಲಾವಣೆಗೆ ಒಂದು ಶತಮಾನವೂ ಹಿಡಿಯಲಿಲ್ಲ.

ವರ್ಷದ ಸುಮಾರು ಅರ್ಧ ಭಾಗ ಅವಧಿಯಲ್ಲ, ರಜೆ. ಹಲವು ಕಾಲೇಜುಗಳಲ್ಲಿ ಪದವಿ ವಿದ್ಯಾರ್ಥಿಗಳು ಎಂಟು ವಾರ ಮುಗಿದೊಡನೆ ಪುಸ್ತಕ, ಹಾಸಿಗೆಬಟ್ಟೆ, ಕೆಟಲ್ ಸಮೇತ ಕೋಣೆ ಖಾಲಿ ಮಾಡಬೇಕು. ದೂರದೇಶದಿಂದ ಬಂದವರು ಸಾಮಾನು ಇಡಲು ಕಾಲೇಜಿನ ಉಗ್ರಾಣದಲ್ಲಿ ಜಾಗ ಕೇಳಬೇಕು. ಖಾಲಿಯಾದ ಕೋಣೆಗಳನ್ನು ಕಾಲೇಜು ಸಮ್ಮೇಳನಗಳಿಗೂ ಬೇಸಿಗೆ ಶಿಬಿರಗಳಿಗೂ ರಾತ್ರಿಯ ಲೆಕ್ಕದಲ್ಲಿ ಪ್ರವಾಸಿಗರಿಗೂ ಬಾಡಿಗೆಗೆ ಕೊಡುತ್ತದೆ. ಅಡುಗೆಯವರಿಗೂ ಸ್ಕೌಟ್‌ಗಳಿಗೂ ವರ್ಷವಿಡೀ ಸಂಬಳ ಕೊಡಲು, ಹಳೆಯ ಮಾಡುಗಳ ರಿಪೇರಿಗೆ ಆ ಹಣ ಬೇಕು. ಆಗಸ್ಟ್ ತಿಂಗಳಲ್ಲಿ ಹೈ ಟೇಬಲಿನ ಎದುರು ಬೆಳಗಿನ ತಿಂಡಿಗೆ ಕೂತವರಲ್ಲಿ ಹೆಚ್ಚಿನವರು ಹಣ ಕೊಟ್ಟು ಒಂದೆರಡು ರಾತ್ರಿ ಉಳಿಯಲು ಬಂದ ಅತಿಥಿಗಳು.